ಕ್ಲಬ್‌ನವರೆಲ್ಲ ಸೇರಿ ಬಯಲಲ್ಲಿ ಹ್ಯಾಮ್ ಸ್ಟೇಷನ್ ಹಾಕೋದು ಹೇಗೆ

ಹ್ಯಾಮ್, ಅಂದ್ರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡೋರು, ಅದರ ಲೈಸೆನ್ಸ್ ತಗೊಂಡೋರು ನಮ್ಮ ಕಡೆ ಈಗ ಕಮ್ಮಿ ಏನಿಲ್ಲ, ಆದ್ರೆ ಪರೀಕ್ಷೆ ಪಾಸಾಗಿ ಕಾಲ್‌ಸೈನ್ (ಸ್ಟೇಷನ್‌ನ ಗುರುತಿನ ಹೆಸರು) ಬಂದ್ಮೇಲೆ ಒಂದು ಚೈನಾ ಹ್ಯಾಂಡಿ (ಕೈಯಲ್ಲಿ ಹಿಡಿಯೋ ಸಣ್ಣ ರೇಡಿಯೋ) ತಗೊಂಡು, ಊರಿನ ರಿಪೀಟರ್‌ನಲ್ಲಿ (ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಕಳಿಸೋ ಸ್ಟೇಷನ್) ನಾಲ್ಕು ದಿನ ಮಾತಾಡಿ, ಆಮೇಲೆ ಸುಮ್ಮನಾಗಿಬಿಡೋರೇ ಜಾಸ್ತಿ. ಆಸಕ್ತಿ ಇಲ್ಲ ಅಂತಲ್ಲ. ಅಪಾರ್ಟ್‌ಮೆಂಟ್‌ನಲ್ಲಿ 20 ಮೀಟರ್ ತಂತಿ ಕಟ್ಟೋಕೆ ಜಾಗ ಎಲ್ಲಿದೆ, ಎಚ್‌ಎಫ್ (ದೂರಕ್ಕೆ ಹೋಗೋ ಶಾರ್ಟ್‌ವೇವ್) ರೇಡಿಯೋ ರೇಟು ಕೇಳಿದ್ರೆ ಗಾಬರಿ ಆಗತ್ತೆ, ಪಕ್ಕದಲ್ಲಿ ಕೂತು ಹೇಳ್ಕೊಡೋರೂ ಸಿಗಲ್ಲ. ಅದಕ್ಕೇ ಕ್ಲಬ್‌ನವರೆಲ್ಲ ವರ್ಷಕ್ಕೆ ಒಂದ್ಸಲನಾದ್ರೂ ಊರಾಚೆ ಒಂದು ಜಾಗ ಹಿಡಿದು, ಕರೆಂಟ್ ಕಂಬದ ಹಂಗಿಲ್ಲದೆ, ಬ್ಯಾಟರಿ ಮೇಲೆ 24 ಗಂಟೆ ಸ್ಟೇಷನ್ ನಡೆಸ್ಬೇಕು. ಎಷ್ಟು ಕಾಂಟ್ಯಾಕ್ಟ್ ಆಯ್ತು ಅನ್ನೋದು ಆಮೇಲಿನ ಮಾತು, ವಾಪಸ್ ಬರೋವಾಗ ಒಬ್ಬ ಹೊಸ ವಿಯು3 (ಮೊದಲ ಹಂತದ ಲೈಸೆನ್ಸ್‌ನೋರ ಕಾಲ್‌ಸೈನ್ ಹೀಗೆ ಶುರುವಾಗತ್ತೆ) "ನಾನೊಬ್ಬನೇ ಆಂಟೆನಾ ಕಟ್ಟಿ ಸ್ಟೇಷನ್ ಆನ್ ಮಾಡ್ತೀನಿ" ಅನ್ನೋ ಹಾಗಾದ್ರೆ ಆ ವೀಕೆಂಡ್ ಗೆದ್ದ ಹಾಗೆ. ಕೆಳಗೆ ಬರೆದಿರೋದೆಲ್ಲ ಆ ಲೆಕ್ಕದಲ್ಲೇ ಬರೆದಿರೋದು.

ಇದು ತಮಾಷೆಗೆ ಮಾಡೋ ಕ್ಯಾಂಪ್ ಮಾತ್ರ ಅಂದ್ಕೋಬೇಡಿ. 2004ರ ಡಿಸೆಂಬರ್‌ನಲ್ಲಿ ಹೈದರಾಬಾದ್‌ನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೋದ ತಂಡ, ಭಾರತಿ ಪ್ರಸಾದ್ ಅವರ ಮುಂದಾಳತ್ವದಲ್ಲಿ, ಅಂಡಮಾನ್‌ನಿಂದ ಪ್ರಪಂಚದ ಹ್ಯಾಮ್‌ಗಳ ಜೊತೆ ಮಾತಾಡೋಕೆ ಅಂತ ಪೋರ್ಟ್ ಬ್ಲೇರ್‌ಗೆ ಹೋಗಿತ್ತು. 26ನೇ ತಾರೀಕು ಸುನಾಮಿ ಬಂತು. ಹವ್ಯಾಸಕ್ಕೆ ಅಂತ ಕಟ್ಟಿದ್ದ ಸ್ಟೇಷನ್ನೇ ದ್ವೀಪದಿಂದ ಹೊರಗೆ ಸುದ್ದಿ ಕಳಿಸೋ ದಾರಿ ಆಯ್ತು. ಬೇರೆ ಊರಿಗೆ ಸಾಮಾನು ಹೊತ್ಕೊಂಡು ಹೋಗಿ ಸ್ಟೇಷನ್ ಹಾಕೋ ಅಭ್ಯಾಸ ಇದ್ದೋರಿಗೆ ಮಾತ್ರ ಇದು ಸಾಧ್ಯ.

ಯಾವಾಗ ಮಾಡೋದು

ಅಮೆರಿಕದೋರು 1933ರಿಂದ ಫೀಲ್ಡ್ ಡೇ ಅಂತ ಮಾಡ್ಕೊಂಡು ಬಂದಿದ್ದಾರೆ, ಜೂನ್ ತಿಂಗಳ ನಾಲ್ಕನೇ ಪೂರ್ತಿ ವೀಕೆಂಡ್, ನಮ್ಮ ಟೈಮ್‌ನಲ್ಲಿ ಶನಿವಾರ ರಾತ್ರಿ 11.30ಕ್ಕೆ ಶುರುವಾಗತ್ತೆ. ಐಡಿಯಾ ತಗೊಳ್ಳಿ, ತಾರೀಕು ತಗೋಬೇಡಿ. ಜೂನ್‌ನಲ್ಲಿ ನಮಗೆ ಮುಂಗಾರು. ಆಗಸ್ಟ್‌ನಲ್ಲಿ ಲೈಟ್‌ಹೌಸ್ ವೀಕೆಂಡ್ ಇರತ್ತೆ, ಕಾಪು ದೀಪಸ್ತಂಭದ ಬುಡದಲ್ಲಿ ಸ್ಟೇಷನ್ ಹಾಕೋ ಆಸೆ ಯಾರಿಗಿಲ್ಲ ಹೇಳಿ, ಆದ್ರೆ ಕರಾವಳೀಲಿ ಆಗಿನ್ನೂ ಮಳೆ ನಿಂತಿರಲ್ಲ. ಏಪ್ರಿಲ್, ಮೇ ಮಧ್ಯಾಹ್ನಗಳಲ್ಲಿ ಗುಡುಗು ಸಿಡಿಲಿನ ಕಾಟ, ಆ ಎರಡು ತಿಂಗಳು ಬಯಲಲ್ಲಿ ಆಂಟೆನಾ ಕಟ್ಟೋ ಯೋಚನೆಯೇ ಬೇಡ. ನವೆಂಬರ್ ಕೊನೆಯಿಂದ ಫೆಬ್ರವರಿ ತನಕ ಒಳ್ಳೇ ಕಾಲ: ಮಳೆ ಇಲ್ಲ, ಸಿಡಿಲಿನ ಗಲಾಟೆ ಕಮ್ಮಿ ಇರೋದ್ರಿಂದ 40 ಮೀಟರ್ ಬ್ಯಾಂಡ್‌ನಲ್ಲಿ (ಅಂದ್ರೆ 7 ಮೆಗಾಹರ್ಟ್ಸ್ ಆಸುಪಾಸಿನ ಫ್ರೀಕ್ವೆನ್ಸಿಗಳಲ್ಲಿ) ರಾತ್ರಿ ನಾಯ್ಸ್ ಕಮ್ಮಿ, ಬಿಸಿಲೂ ಹಿತ. ಮಂಜು ಮಾತ್ರ ಬೀಳತ್ತೆ, ಅದಕ್ಕೆ ಟಾರ್ಪಾಲ್ ಸಾಕು. ಸ್ಕೌಟ್ಸ್ ಗೈಡ್ಸ್ ಮಕ್ಕಳನ್ನ ಸೇರಿಸ್ಕೋಬೇಕು ಅಂದ್ರೆ ಅಕ್ಟೋಬರ್ ಮೂರನೇ ವೀಕೆಂಡ್‌ನ ಜಾಂಬೂರಿ ಆನ್ ದಿ ಏರ್ (ಸ್ಕೌಟ್‌ಗಳು ರೇಡಿಯೋದಲ್ಲಿ ಭೇಟಿ ಆಗೋ ಮೇಳ) ಇದೆ, 1958ರಿಂದ ನಡೀತಿದೆ, ಅದನ್ನ ಸ್ಕೂಲ್ ಕಟ್ಟಡದ ಒಳಗೇ ಮಾಡಿದ್ರೆ ಮಳೆ ಚಿಂತೆ ಇಲ್ಲ.

ಜಾಗ, ಕಾಗದಪತ್ರ

ಜಾಗ ಅಂದ ತಕ್ಷಣ ಎಲ್ರೂ ಬೆಟ್ಟದ ತುದಿ ಅಂತಾರೆ. ವಿಎಚ್‌ಎಫ್‌ಗೆ (ಹ್ಯಾಂಡಿಯ ನೇರ ಹೋಗೋ ಸಿಗ್ನಲ್‌ಗೆ) ಎತ್ತರ ಬೇಕು ಸರಿ, ಆದ್ರೆ ಎಚ್‌ಎಫ್‌ಗೆ ಬೆಟ್ಟದ ತುದಿ ಏನೂ ಅನಿವಾರ್ಯ ಅಲ್ಲ, ಅಲ್ಲಿಗೆ ಬ್ಯಾಟರಿ ಹೊರೋದ್ರಲ್ಲೇ ಅರ್ಧ ಜನ ಸುಸ್ತಾಗ್ತಾರೆ. ಚಾರಣಿಗರು ಹೋಗೋ ಬೆಟ್ಟಗಳಲ್ಲಿ ಬಹಳಷ್ಟು ಅರಣ್ಯ ಇಲಾಖೆ ಕೈಯಲ್ಲಿವೆ, ರಾತ್ರಿ ಉಳ್ಕೊಳ್ಳೋಕೆ ಬಿಡಲ್ಲ. ಕ್ಲಬ್‌ನಲ್ಲಿ ಯಾರದ್ದಾದ್ರೂ ತೋಟ ಇದ್ರೆ ಅದೇ ಬೆಸ್ಟು: ಗಾಡಿ ಹತ್ರ ಬರತ್ತೆ, ನೀರಿರತ್ತೆ, ಟಾಯ್ಲೆಟ್ ಇರತ್ತೆ. ಟಾಯ್ಲೆಟ್ ವಿಷ್ಯ ಯಾರೂ ಮೀಟಿಂಗ್‌ನಲ್ಲಿ ಎತ್ತಲ್ಲ, ಆಮೇಲೆ ಹೆಂಗಸರು ಯಾಕೆ ಬರ್ತಿಲ್ಲ ಅಂತ ಕೇಳ್ತಾರೆ. ಮೊದಲೇ ನೋಡ್ಕೊಳ್ಳಿ.

ಒಂದು ವಾರ ಮುಂಚೆ ಇಬ್ಬರು ಹೋಗಿ ಜಾಗ ನೋಡ್ಕೊಂಡು ಬನ್ನಿ, ಜೊತೆಗೆ ಬ್ಯಾಟರಿ ಮೇಲೆ ನಡೆಯೋ ಸಣ್ಣ ರೇಡಿಯೋ ಇರಲಿ. 7 ಮೆಗಾಹರ್ಟ್ಸ್‌ನಲ್ಲಿ ನಾಯ್ಸ್ ಎಷ್ಟಿದೆ ಕೇಳಿ. ಬೋರ್‌ವೆಲ್ ಸ್ಟಾರ್ಟರ್, ಸೋಲಾರ್ ಬೇಲಿಯ ಟಿಕ್ ಟಿಕ್, ಹತ್ತಿರದ ಟ್ರಾನ್ಸ್‌ಫಾರ್ಮರ್, ಎಲ್‌ಇಡಿ ಬಲ್ಬುಗಳು, ಇವೆಲ್ಲ ಕಣ್ಣಿಗೆ ಕಾಣೋದಕ್ಕಿಂತ ಕಿವಿಗೆ ಬೇಗ ಗೊತ್ತಾಗತ್ತೆ. ಆಮೇಲೆ ತಲೆ ಎತ್ತಿ ನೋಡಿ. ಮೊದಲನೇದು ಕರೆಂಟ್ ತಂತಿ, ಐಪಿ ಸೆಟ್‌ಗೆ ಬಂದಿರೋ ಲೈನ್ ಮರಗಳ ಸಂದಿಲಿ ಕಾಣಿಸೋದೇ ಇಲ್ಲ. ಆಂಟೆನಾ ಆಗಲಿ ಅದನ್ನ ಎಳೆಯೋ ಹಗ್ಗ ಆಗಲಿ ಕಡಿದುಬಿದ್ರೂ ಹಾರಿಹೋದ್ರೂ ಲೈನ್‌ಗೆ ತಾಗಬಾರದು, ಅಷ್ಟು ದೂರ ಇದ್ರೆ ಮಾತ್ರ ಆ ಮರ ಆರಿಸ್ಕೊಳ್ಳಿ. ಎರಡನೇದು ಹೆಜ್ಜೇನು. ದೊಡ್ಡ ಮರದ ಕೊಂಬೆ ಕೆಳಗೆ, ಬಂಡೆಯ ಅಂಚಲ್ಲಿ ಗೂಡು ಕಟ್ಟಿರ್ತವೆ, ಅದರ ಹತ್ರ ಹಗ್ಗ ಎಸೆದ್ರೆ ಮುಗೀತು. ಗೂಡು ಕಂಡ್ರೆ ಜಾಗ ಬದಲಾಯಿಸಿ, ಬೇರೆ ಮಾತಿಲ್ಲ. ಮೂರನೇದು ತೆಂಗಿನಮರ, ಅದರ ಕೆಳಗೆ ಟೆಂಟ್ ಹಾಕ್ಬೇಡಿ, ಕಾಯಿ ಗರಿ ಯಾವಾಗ ಬೀಳತ್ತೆ ಹೇಳೋಕಾಗಲ್ಲ.

ಕಾಗದದ ಕೆಲಸ ಹೇಳ್ಬಿಡ್ತೀನಿ. ಮೈಕ್ ಮುಟ್ಟೋರೆಲ್ಲರ ಲೈಸೆನ್ಸ್ ಚಾಲ್ತಿಯಲ್ಲಿದ್ಯಾ ನೋಡಿ, ಎಲ್ಲರ ಲೈಸೆನ್ಸ್ ಪ್ರತಿ ಒಂದು ಫೈಲ್‌ನಲ್ಲಿರಲಿ. ಲೈಸೆನ್ಸ್‌ನಲ್ಲಿರೋ ವಿಳಾಸ ಬಿಟ್ಟು ಬೇರೆ ಕಡೆ ಸ್ಟೇಷನ್ ಹಾಕೋದಕ್ಕೆ ನಿಮ್ಮ ಲೈಸೆನ್ಸ್ ಷರತ್ತು ಏನು ಹೇಳತ್ತೆ ಅಂತ ಕೂತು ಓದಿ, ಅನುಮತಿಗೆ ಬರೀಬೇಕು ಅಂದ್ರೆ ತಿಂಗಳುಗಟ್ಟಲೆ ಮುಂಚೆ ಬರೀರಿ, ಹಿಂದಿನ ವಾರ ಬರೆದ್ರೆ ಉಪಯೋಗ ಇಲ್ಲ. ಜಾಗದ ಯಜಮಾನರ ಒಪ್ಪಿಗೆ ಬರಹದಲ್ಲಿರಲಿ. ಹತ್ತಿರದ ಪೊಲೀಸ್ ಠಾಣೆಗೂ ಗ್ರಾಮ ಪಂಚಾಯ್ತಿಗೂ ಒಂದು ಪತ್ರ ಕೊಟ್ಟು, ಕನ್ನಡದಲ್ಲೇ ಬರೆದು, ಒಂದು ಪ್ರತಿ ಮೇಲೆ ಸೀಲ್ ಹಾಕಿಸ್ಕೊಂಡು ಬನ್ನಿ. ರಾತ್ರಿ ಹೊತ್ತಲ್ಲಿ ಊರಾಚೆ ಆಂಟೆನಾ ಕಟ್ಕೊಂಡು ಯಾರೋ ಇಂಗ್ಲಿಷ್‌ನಲ್ಲಿ ನಂಬರ್ ಹೇಳ್ತಾ ಕೂತಿದ್ರೆ ಊರಿನೋರಿಗೆ ಅನುಮಾನ ಬರೋದು ಸಹಜ, ತಪ್ಪು ಅವರದ್ದಲ್ಲ. ಮೊದಲೇ ಹೋಗಿ ವಿಷ್ಯ ಹೇಳಿ "ಬನ್ನಿ ಸಾರ್, ನೀವೂ ಬಂದು ನೋಡಿ" ಅಂತ ಕರೆದ್ರೆ ಅವರೇ ಮಕ್ಕಳನ್ನ ಕರ್ಕೊಂಡು ಬರ್ತಾರೆ.

ಬ್ಯಾಟರಿ ಲೆಕ್ಕ

ಸ್ಟೇಷನ್ ಬಂದ್ ಆಗೋದಕ್ಕೆ ನೂರಕ್ಕೆ ನೂರು ಕಾರಣ ರೇಡಿಯೋ ಅಲ್ಲ, ಪವರ್ ಅಂತಲೇ ಇಟ್ಕೊಂಡು ತಯಾರಿ ಮಾಡಿ. ಆದ್ರಿಂದ ಇಲ್ಲಿ ಸ್ವಲ್ಪ ಜಾಸ್ತಿನೇ ಬರೀತೀನಿ.

100 ವ್ಯಾಟ್‌ನ ಎಚ್‌ಎಫ್ ರೇಡಿಯೋ ಫುಲ್ ಪವರ್‌ನಲ್ಲಿ 20 ಆಂಪ್ಸ್ ಅಥವಾ ಇನ್ನೂ ಸ್ವಲ್ಪ ಜಾಸ್ತಿ ಎಳೆಯತ್ತೆ, ಸುಮ್ನೆ ಕೇಳ್ತಾ ಇದ್ರೆ ಸುಮಾರು 1 ಆಂಪ್. ಎಸ್‌ಎಸ್‌ಬಿಯಲ್ಲಿ (ಎಚ್‌ಎಫ್‌ನಲ್ಲಿ ಮಾತು ಕಳಿಸೋ ವಿಧಾನ) ಮಾತಾಡೋವಾಗ ಮಾತು ಏರಿಳಿತ ಇರೋದ್ರಿಂದ ಸರಾಸರಿ 10 ಆಂಪ್ಸ್ ಅಂತ ಇಟ್ಕೊಳ್ಳಿ. ನಾಲ್ಕರಲ್ಲಿ ಒಂದು ಭಾಗ ಮಾತಾಡ್ತೀವಿ, ಮೂರು ಭಾಗ ಕೇಳ್ತೀವಿ ಅಂದ್ರೆ ಗಂಟೆಗೆ ಹತ್ತಿರಹತ್ತಿರ 3.25 ಆಂಪಿಯರ್-ಅವರ್, 24 ಗಂಟೆಗೆ 78. ಅಂದ್ರೆ 100 ಎಎಚ್‌ನ (ಆಂಪಿಯರ್-ಅವರ್) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದು ಸ್ಟೇಷನ್‌ಗೆ ನೆಮ್ಮದಿ. ಮನೆ ಇನ್ವರ್ಟರ್‌ನ 150 ಎಎಚ್ ಟ್ಯೂಬುಲರ್ ತಂದ್ರೂ ಆಗತ್ತೆ, ಆದ್ರೆ ಲೆಡ್ ಆಸಿಡ್‌ನ ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅನ್ನೋ ಲೆಕ್ಕದಲ್ಲಿ ಸಿಗೋದು 75, ತೂಕ ನೋಡಿದ್ರೆ ಇಬ್ಬರು ಹೊರಬೇಕು, ನೆಟ್ಟಗೇ ಇಡಬೇಕು, ಇಲ್ಲ ಅಂದ್ರೆ ಆಸಿಡ್ ಚೆಲ್ಲತ್ತೆ. ಪವರ್ 50 ವ್ಯಾಟ್‌ಗೆ ಇಳಿಸಿ, ಆ ಕಡೆಯೋರ ಮೀಟರ್‌ನಲ್ಲಿ 3 ಡಿಬಿ (ಸಿಗ್ನಲ್ ಅಳತೆಯ ಡೆಸಿಬಲ್) ಅಷ್ಟೇ ಕಮ್ಮಿ, ಅವರಿಗೆ ಗೊತ್ತೂ ಆಗಲ್ಲ. ರಿಸ್ಟ್ರಿಕ್ಟೆಡ್ ಗ್ರೇಡ್‌ನೋರಿಗೆ, ಅಂದ್ರೆ ವಿಯು3ಗಳಿಗೆ, ಎಚ್‌ಎಫ್‌ನಲ್ಲಿ ಮಿತಿನೇ 50 ವ್ಯಾಟ್, ಹಾಗಾಗಿ ಯಾರು ಕೂತ್ರೂ ನಾಬ್ ಮುಟ್ಟೋ ಕೆಲಸ ಇಲ್ಲ.

ಈಗ ವೈರ್ ವಿಷ್ಯ. ಬ್ಯಾಟರಿ ಬಿಸಿಲಲ್ಲಿ ಬೇಡ ಅಂತ ದೂರ ಇಟ್ಟು, ಕೈಗೆ ಸಿಕ್ಕ ತೆಳ್ಳನೆ ವೈರ್‌ನಲ್ಲಿ ಕನೆಕ್ಷನ್ ಕೊಡ್ತಾರೆ. 1 ಸ್ಕ್ವೇರ್ ಎಂಎಂ ವೈರ್ 2 ಮೀಟರ್ ಉದ್ದ ಅಂದ್ರೆ ಹೋಗಿ ಬರೋದು 4 ಮೀಟರ್, ಅದರಲ್ಲಿ 20 ಆಂಪ್ಸ್ ಹರಿದ್ರೆ ಹತ್ತಿರಹತ್ತಿರ ಒಂದೂವರೆ ವೋಲ್ಟ್ ವೈರ್‌ನಲ್ಲೇ ಬಿದ್ದುಹೋಗತ್ತೆ. ಲಿಥಿಯಂ ಬ್ಯಾಟರಿ ಕೊಡೋದು 13 ವೋಲ್ಟ್ ಆಸುಪಾಸು, ರೇಡಿಯೋಗಳಿಗೆ ಸಾಮಾನ್ಯವಾಗಿ 11.7ಕ್ಕಿಂತ ಕೆಳಗಿಳಿದ್ರೆ ಆಗಲ್ಲ. ಆಗ ಏನಾಗತ್ತೆ ಅಂದ್ರೆ, ಕೇಳೋದೆಲ್ಲ ಚೆನ್ನಾಗಿರತ್ತೆ, ಪಿಟಿಟಿ (ಮಾತಾಡೋ ಬಟನ್) ಒತ್ತಿ ಜೋರಾಗಿ "ಸಿಕ್ಯೂ" (ಯಾರಾದ್ರೂ ಉತ್ತರ ಕೊಡಿ ಅನ್ನೋ ಕರೆ) ಅಂದ ಕೂಡ್ಲೇ ಡಿಸ್‌ಪ್ಲೇ ಮಂಕಾಗಿ ರೇಡಿಯೋ ಆಫ್ ಆಗಿ ಮತ್ತೆ ಆನ್ ಆಗತ್ತೆ. ಎಲ್ಲರೂ ರೇಡಿಯೋ ಕೆಟ್ಟೋಯ್ತು ಅಂತ ಅದರ ಸುತ್ತ ಸೇರ್ತಾರೆ. ರೇಡಿಯೋ ಸರಿಯಾಗೇ ಇರತ್ತೆ. 2.5 ಸ್ಕ್ವೇರ್ ಎಂಎಂ ಹಾಕಿದ್ರೆ ಅದೇ ಉದ್ದಕ್ಕೆ ಬೀಳೋದು 0.6 ವೋಲ್ಟ್, 4 ಹಾಕಿದ್ರೆ ಇನ್ನೂ ಕಮ್ಮಿ. ಎಲೆಕ್ಟ್ರಿಕಲ್ ಅಂಗಡೀಲಿ 4 ಸ್ಕ್ವೇರ್ ವೈರ್ ಕೆಂಪು ಕಪ್ಪು ಎರಡು ಬಣ್ಣದ್ದು ತಗೊಂಡು, ಲಗ್ ಕ್ರಿಂಪ್ ಮಾಡಿಸಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿ. ಫ್ಯೂಸ್ ಇಲ್ಲದೆ ಲಿಥಿಯಂ ಬ್ಯಾಟರಿಗೆ ವೈರ್ ಕಟ್ಟೋಕೆ ಯಾರಿಗೂ ಬಿಡಬೇಡಿ, ಶಾರ್ಟ್ ಆದ್ರೆ ವೈರ್ ಕೆಂಪಗೆ ಕಾದು ಟೆಂಟೇ ಹೊತ್ಕೊಳ್ಳತ್ತೆ.

ಸೋಲಾರ್ ಪ್ಯಾನಲ್ ತರೋದಾದ್ರೆ ಚಾರ್ಜ್ ಕಂಟ್ರೋಲರ್‌ನ ಮನೇಲೇ ರೇಡಿಯೋ ಪಕ್ಕ ಇಟ್ಟು ಕೇಳಿ ನೋಡಿ, ಕೆಲವು 40 ಮೀಟರ್ ಬ್ಯಾಂಡ್ ಪೂರ್ತಿ ಗುಂಯ್ ಅನ್ನಿಸ್ತವೆ. ಜನರೇಟರ್ ತಂದೇ ತರ್ತೀವಿ ಅಂದ್ರೆ ಟೆಂಟ್‌ನಿಂದ ದೂರ, ಗಾಳಿ ಬೀಸೋ ದಿಕ್ಕು ನೋಡಿ ಇಡಿ, ಹೊಗೆ ಟೆಂಟ್ ಒಳಗೆ ಬರಬಾರದು, ಬಿಸಿ ಇರೋವಾಗ ಪೆಟ್ರೋಲ್ ಹಾಕಬಾರದು. ನನ್ನ ಕೇಳಿದ್ರೆ ಜನರೇಟರ್ ಬೇಡವೇ ಬೇಡ, ಅದರ ಸದ್ದಲ್ಲಿ ಹೊಸಬರಿಗೆ ಸಣ್ಣ ಸಿಗ್ನಲ್ ಕೇಳಿಸೋದೇ ಇಲ್ಲ.

ಆಂಟೆನಾ ಕಟ್ಟೋದು

ಬೀಮ್ ಆಂಟೆನಾ, ಟವರ್ ಎಲ್ಲ ಬಿಡಿ. ಎರಡು ಡೈಪೋಲ್ (ನಡುವಿಂದ ಕೇಬಲ್ ಇಳಿಯೋ ತಂತಿ ಆಂಟೆನಾ) ಸಾಕು, 40 ಮೀಟರ್‌ಗೊಂದು 20 ಮೀಟರ್‌ಗೊಂದು. ಲೆಕ್ಕ ಸುಲಭ, 142.5ನ್ನ ಮೆಗಾಹರ್ಟ್ಸ್‌ನಿಂದ ಭಾಗಿಸಿ. 7.1ಕ್ಕೆ ಒಟ್ಟು 20.1 ಮೀಟರ್, ಒಂದೊಂದು ಕಡೆ 10 ಮೀಟರ್ ಚಿಲ್ರೆ. 14.2ಕ್ಕೆ ಅದರ ಅರ್ಧ, ಒಂದೊಂದು ಕಡೆ 5 ಮೀಟರ್. ಮನೆ ವೈರಿಂಗ್‌ಗೆ ಹಾಕೋ 1 ಅಥವಾ 1.5 ಸ್ಕ್ವೇರ್ ವೈರೇ ಸಾಕು, ಇನ್ಸುಲೇಷನ್ ಇರೋ ವೈರ್‌ಗೆ ಉದ್ದ ಸ್ವಲ್ಪ ಕಮ್ಮಿ ಬೇಕಾಗತ್ತೆ, ಆದ್ರೂ ಶುರುವಲ್ಲಿ ಅರ್ಧ ಅಡಿ ಜಾಸ್ತಿನೇ ಇಟ್ಕೊಳ್ಳಿ. ನಡುವೆ ಒಂದು ಪಿವಿಸಿ ತುಂಡು, ತುದಿಗೆ ಇನ್ಸುಲೇಟರ್ ಆಗಿ ಹಳೇ ಪ್ಲಾಸ್ಟಿಕ್ ಗುಂಡಿನೂ ನಡೆಯತ್ತೆ. 40 ಮೀಟರ್ ಡೈಪೋಲ್ 15 ಮೀಟರ್ ಬ್ಯಾಂಡ್‌ನಲ್ಲೂ ಸುಮಾರಾಗಿ ಕೆಲಸ ಮಾಡತ್ತೆ, ಮೂರು ಪಟ್ಟು ಫ್ರೀಕ್ವೆನ್ಸಿ ಆಗಿರೋದ್ರಿಂದ, ಟ್ಯೂನರ್ (ರೇಡಿಯೋಗೆ ಆಂಟೆನಾ ಹೊಂದಿಸೋ ಡಬ್ಬಿ) ಇದ್ರೆ ಆ ಬ್ಯಾಂಡ್ ಬಿಟ್ಟಿ ಸಿಕ್ಕ ಹಾಗೆ.

ಮರದ ಮೇಲೆ ಹಗ್ಗ ಹಾಕೋದು ಹೀಗೆ: ಅರ್ಧ ಲೀಟರ್ ನೀರಿನ ಬಾಟಲ್‌ಗೆ ಅರ್ಧ ನೀರು ತುಂಬಿ, ತೆಳ್ಳನೆ ನೈಲಾನ್ ದಾರ ಕಟ್ಟಿ, ದಾರನ ನೆಲದ ಮೇಲೆ ಹಾಸಿದ ಟಾರ್ಪಾಲ್ ಮೇಲೆ ಸಿಕ್ಕಿಲ್ಲದ ಹಾಗೆ ಹರಡಿ, ಸುತ್ತ ಯಾರೂ ಇಲ್ಲ ಅಂತ ನೋಡ್ಕೊಂಡು ಬೀಸಿ ಎಸೀಬೇಕು. ಬಾಟಲ್ ಆ ಕಡೆ ಇಳಿದ್ಮೇಲೆ ದಾರಕ್ಕೆ ದಪ್ಪ ಹಗ್ಗ ಕಟ್ಟಿ ಎಳ್ಕೊಳ್ಳಿ. ಕಲ್ಲು ಕಟ್ಟಿ ಎಸೀಬೇಡಿ, ವಾಪಸ್ ಬಡಿದ್ರೆ ತಲೆ ಒಡೆಯತ್ತೆ. ಮಲೆನಾಡಿನ ತೋಟದಲ್ಲಿ ಮಾಡ್ತಿದ್ರೆ ಅಡಿಕೆ ಕೊಯ್ಯೋ ಕಾರ್ಬನ್ ಫೈಬರ್ ದೋಟಿ ಕೈಗೆ ಸಿಗತ್ತೆ, ಅದರಲ್ಲಿ ಹಗ್ಗ ಮೇಲಕ್ಕೆ ತಲುಪಿಸೋದು ಎಷ್ಟು ಸಲೀಸು ಅಂದ್ರೆ ಬೇರೇದು ಬೇಡ ಅನ್ಸತ್ತೆ. ಆದ್ರೆ ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯತ್ತೆ, ಅಲ್ಯೂಮಿನಿಯಂ ದೋಟಿಯಲ್ಲಂತೂ ಹರಿದೇ ಹರಿಯತ್ತೆ. ಲೈನ್ ಇರೋ ಕಡೆ ಎತ್ತಲೇಬೇಡಿ, ಅದನ್ನೇ ಕಂಬ ಮಾಡ್ಕೊಂಡು ಆಂಟೆನಾ ವೈರ್ ಅದರ ಮೈಗೆ ಸುತ್ತಲೂಬೇಡಿ, ಆಂಟೆನಾ ಟ್ಯೂನ್ ಆಗಲ್ಲ. ಕಂಬಕ್ಕೆ ಒಣ ಬಿದಿರು ಗಳ ಅಥವಾ ಫೈಬರ್‌ಗ್ಲಾಸ್ ಕಂಬ ಒಳ್ಳೇದು.

ಒಂದೇ ಕಂಬ ಇದ್ರೆ ಇನ್ವರ್ಟೆಡ್ ವಿ ಮಾಡಿ: ನಡುಭಾಗ 9, 10 ಮೀಟರ್ ಮೇಲೆ, ಎರಡೂ ತುದಿ ಇಳಿಜಾರಾಗಿ ಕೆಳಗೆ, ನಡುವಿನ ಕೋನ 90 ಡಿಗ್ರಿಗಿಂತ ಕಮ್ಮಿ ಆಗದ ಹಾಗೆ. ತುದಿಗಳು ಆಳಿನ ಕೈಗೆ ಎಟುಕಬಾರದು, ಟ್ರಾನ್ಸ್‌ಮಿಟ್ ಮಾಡೋವಾಗ ಅಲ್ಲೇ ವೋಲ್ಟೇಜ್ ಜಾಸ್ತಿ, ಮುಟ್ಟಿದ್ರೆ ಸುಟ್ಟ ಗಾಯ ಆಗತ್ತೆ. ಎಳೆದು ಕಟ್ಟಿರೋ ಹಗ್ಗಕ್ಕೆಲ್ಲ ಬಿಳಿ ಬಟ್ಟೆ ಚೂರು ಕಟ್ಟಿ, ಕತ್ತಲಲ್ಲಿ ಓಡಾಡೋರು ಎಡವಿ ಬೀಳೋದು ತಪ್ಪತ್ತೆ. 40 ಮೀಟರ್ ಡೈಪೋಲ್ ಇಷ್ಟು ಕೆಳಗಿದ್ರೆ ಸಿಗ್ನಲ್ ಮೇಲಕ್ಕೇ ಹೋಗತ್ತೆ ಅಂತ ಕೆಲವರು ಬೇಜಾರು ಮಾಡ್ಕೋತಾರೆ. ಅದೇ ನಮಗೆ ಬೇಕಾಗಿರೋದು. ನೇರ ಮೇಲೆ ಹೋಗಿ ಅಯಾನುಗೋಳದಿಂದ (ವಾತಾವರಣದ ಮೇಲಿನ ಪದರ) ವಾಪಸ್ ಬೀಳೋ ಸಿಗ್ನಲ್ ಹಗಲಲ್ಲಿ ಕೆಲವು ನೂರು ಕಿಲೋಮೀಟರ್ ಸುತ್ತ ಎಲ್ಲೂ ಖಾಲಿ ಬಿಡದೆ ತಲುಪತ್ತೆ. ಬೀದರ್‌ನಿಂದ ಮಡಿಕೇರಿ ತನಕ, ಮಧ್ಯೆ ಘಟ್ಟ ಇದ್ರೂ ಲೆಕ್ಕಕ್ಕಿಲ್ಲ. ಪ್ರವಾಹದ ಟೈಮಲ್ಲಿ ಜಿಲ್ಲೆ ಜಿಲ್ಲೆ ಮಧ್ಯೆ ಬೇಕಾಗೋದು ಇದೇ.

ಇನ್ನು ಟ್ಯೂನಿಂಗ್. ಇದನ್ನ ಹೊಸಬರ ಕೈಲೇ ಮಾಡಿಸಿ, ಸೀನಿಯರ್‌ಗಳು ಜೇಬಲ್ಲಿ ಕೈ ಇಟ್ಕೊಂಡು ನಿಂತಿರಲಿ. ನ್ಯಾನೋವಿಎನ್‌ಎ (ಆಂಟೆನಾ ಅಳೆಯೋ ಸಣ್ಣ ಮೀಟರ್) ಕನೆಕ್ಟ್ ಮಾಡಿ ಎಸ್‌ಡಬ್ಲ್ಯೂಆರ್ (ಎಷ್ಟು ಪವರ್ ಆಂಟೆನಾದಿಂದ ವಾಪಸ್ ಬರತ್ತೆ ಅನ್ನೋ ಅಳತೆ) ಗೆರೆ ಎಲ್ಲಿ ತಗ್ಗಾಗಿದೆ ನೋಡಿ. 6.950ರಲ್ಲಿ ತಗ್ಗಿದೆ, ನಮಗೆ ಬೇಕಾಗಿರೋದು 7.100 ಅಂತಿಟ್ಕೊಳ್ಳಿ. ಕೆಳಗಿನ ಫ್ರೀಕ್ವೆನ್ಸಿ ಅಂದ್ರೆ ತಂತಿ ಉದ್ದ ಜಾಸ್ತಿ ಆಗಿದೆ. 20.1ನ್ನ 6.95ರಿಂದ ಗುಣಿಸಿ 7.1ರಿಂದ ಭಾಗಿಸಿದ್ರೆ 19.68, ಅಂದ್ರೆ ಒಂದೊಂದು ಕಡೆ 21 ಸೆಂಟಿಮೀಟರ್ ಕಮ್ಮಿ ಮಾಡ್ಬೇಕು. ಕತ್ತರಿಸ್ಬೇಡಿ, ತುದಿನ ಮಡಚಿ ಅದೇ ತಂತಿ ಮೇಲೆ ಸುತ್ತಿ ಕಟ್ಟಿ, ಮತ್ತೆ ಮೇಲೇರಿಸಿ ನೋಡಿ. ಬಗ್ಗಿ ಮಡಚಿ, ಎಳೆದು, ಮತ್ತೆ ಗೆರೆ ನೋಡಿ, ಅದು ತಾನು ಹೇಳಿದ ಜಾಗಕ್ಕೇ ಬಂದು ಕೂತಾಗ ಆ ಹುಡುಗನ ಅಥವಾ ಹುಡುಗಿಯ ಮುಖ ನೋಡ್ಬೇಕು ನೀವು. ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದ ಫಾರ್ಮುಲಾ ಅಲ್ಲಿ ಕೈಗೆ ಬರತ್ತೆ.

ಎರಡು ಸ್ಟೇಷನ್ ಒಟ್ಟಿಗೆ ನಡೆಸೋವಾಗ ಒಂದು ತೊಂದರೆ ಇದೆ. 7.1ರ ಎರಡು ಪಟ್ಟು 14.2, ಹಾಗಾಗಿ 40 ಮೀಟರ್‌ನೋರು ಮಾತಾಡಿದಾಗೆಲ್ಲ 20 ಮೀಟರ್‌ನೋರ ಕಿವಿಗೆ ಹೊಡೆಯತ್ತೆ. ಎರಡು ಆಂಟೆನಾ ಮಧ್ಯೆ 50 ಮೀಟರ್ ಆದ್ರೂ ಬಿಡಿ, ಒಂದರ ತುದಿ ಇನ್ನೊಂದರ ತುದಿ ಕಡೆ ನೋಡೋ ಹಾಗೆ ಒಂದೇ ಸಾಲಿನಲ್ಲಿ ಕಟ್ಟಿ, ಬ್ಯಾಂಡ್‌ಪಾಸ್ ಫಿಲ್ಟರ್ (ತನ್ನ ಬ್ಯಾಂಡ್ ಮಾತ್ರ ಬಿಡೋದು) ಇದ್ರೆ ಹಾಕಿ. ಇಷ್ಟು ಮಾಡಿದ್ಮೇಲೂ ಸ್ವಲ್ಪ ಕೇಳಿಸಿದ್ರೆ ಫ್ರೀಕ್ವೆನ್ಸಿ ಸ್ವಲ್ಪ ಆಚೀಚೆ ಮಾಡ್ಕೊಳ್ಳಿ. ಕೋಆಕ್ಸ್ (ರೇಡಿಯೋದಿಂದ ಆಂಟೆನಾಗೆ ಹೋಗೋ ಕೇಬಲ್) ಎಚ್‌ಎಫ್‌ಗೆ ಆರ್‌ಜಿ-58 ಪರವಾಗಿಲ್ಲ, ವಿಎಚ್‌ಎಫ್‌ಗೆ ಉದ್ದ ಇದ್ರೆ ಆರ್‌ಜಿ-213. ಪಿಎಲ್-259 ಕನೆಕ್ಟರ್‌ಗಳನ್ನ ಮನೇಲೇ ಸೋಲ್ಡರ್ ಮಾಡಿ ಮಲ್ಟಿಮೀಟರ್ ಇಟ್ಟು ಚೆಕ್ ಮಾಡಿ ತನ್ನಿ, ಗಾಳಿಗೆ ಬಯಲಲ್ಲಿ ಸೋಲ್ಡರ್ ಬಿಸಿನೇ ಹಿಡಿಯಲ್ಲ.

ಶನಿವಾರದಿಂದ ಭಾನುವಾರ

ಬೆಳಗ್ಗೆ 10ಕ್ಕೆ ಜಾಗದಲ್ಲಿದ್ರೆ ಮಧ್ಯಾಹ್ನ 1ಕ್ಕೆ ಆನ್ ಏರ್ ಬರಬಹುದು. ಮೊದಲು ನೆರಳು, ಆಮೇಲೆ ಆಂಟೆನಾ, ಆಮೇಲೆ ರೇಡಿಯೋ. ಈ ಕ್ರಮ ತಪ್ಪಿಸ್ಬೇಡಿ, ಬಿಸಿಲಲ್ಲಿ ನಿಂತು ಕೆಲಸ ಮಾಡಿದೋರು ಸಂಜೆ ಹೊತ್ತಿಗೆ ತಲೆನೋವು ಅಂತ ಮಲಗ್ತಾರೆ.

ಬ್ಯಾಂಡ್ ಯಾವಾಗ ಯಾವುದು ಅಂದ್ರೆ, ಹಗಲು 40 ಮೀಟರ್‌ನಲ್ಲಿ ದಕ್ಷಿಣ ಭಾರತ ಸುತ್ತಮುತ್ತ, ನಮಗೆ ಇರೋದು 7.000ದಿಂದ 7.200 ತನಕ. ಮಧ್ಯಾಹ್ನ ಇಳಿದ್ಮೇಲೆ ಸಂಜೆ ರಾತ್ರಿ ತನಕ 20 ಮೀಟರ್‌ನಲ್ಲಿ ಯುರೋಪ್ ಕಡೆ ಚೆನ್ನಾಗಿ ಸಿಗತ್ತೆ. ಕತ್ತಲಾದ್ಮೇಲೆ 40 ಮೀಟರ್ ದೂರಕ್ಕೆ ತೆರ್ಕೊಳ್ಳತ್ತೆ, ಪಕ್ಕದ ಜಿಲ್ಲೆಯೋರು ಕೇಳಿಸದೆ ದೂರದೋರು ಕೇಳಿಸ್ತಾರೆ, ಹೊಸಬರಿಗೆ ಇದನ್ನ ಕೇಳಿಸಿ ವಿವರಿಸಿ, ಪಾಠ ಮಾಡೋ ಅಗತ್ಯವೇ ಇರಲ್ಲ. ಭಾನುವಾರ ಬೆಳಗ್ಗೆ ಮತ್ತೆ 40 ಮೀಟರ್, ಆಗ ನಮ್ಮ ಕಡೆಯ ನೆಟ್‌ಗಳು (ಹ್ಯಾಮ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರೋ ಕೂಟ) ನಡೀತಿರ್ತವೆ, ಅದನ್ನ ನಡೆಸೋ ನೆಟ್ ಕಂಟ್ರೋಲ್‌ಗೆ ನಾವು ಬಯಲಿಂದ ಬ್ಯಾಟರಿ ಮೇಲೆ ಮಾತಾಡ್ತಿದೀವಿ ಅಂತ ಹೇಳಿದ್ರೆ ಎಲ್ಲರೂ ಪ್ರೀತಿಯಿಂದ ಸಿಗ್ನಲ್ ಹೇಗಿದೆ ಅನ್ನೋ ರಿಪೋರ್ಟ್ ಕೊಡ್ತಾರೆ. ಹಗಲಲ್ಲಿ 10 ಮೀಟರ್ ಬ್ಯಾಂಡ್‌ನೂ ಆಗಾಗ ಕೇಳಿ ನೋಡಿ, ಸೂರ್ಯನ ಕಲೆಗಳು ಜಾಸ್ತಿ ಇರೋ ವರ್ಷಗಳಲ್ಲಿ ಸ್ವಲ್ಪ ಪವರ್‌ಗೇ ಬಹಳ ದೂರ ಹೋಗತ್ತೆ.

ಮೈಕ್ ಶಿಫ್ಟ್ ಎರಡೆರಡು ಗಂಟೆ, ಪ್ರತಿ ಶಿಫ್ಟ್‌ನಲ್ಲೂ ಇಬ್ಬರು: ಮಾತಾಡೋಕೆ ಒಬ್ಬರು, ಲಾಗ್ ಬರೆಯೋಕೆ ಒಬ್ಬರು. ಮೊದಲ ಗಂಟೆ ಹೊಸಬರು ಲಾಗ್ ಬರೀಲಿ, ಎರಡನೇ ಗಂಟೆ ಮೈಕ್ ಅವರ ಕೈಗೆ. ಒಳ್ಳೇ ಸಿಗ್ನಲ್ ಬರೋ ಟೈಮ್ ಪೂರ್ತಿ ಅನುಭವ ಇದ್ದೋರೇ ಕೂತು, ರಾತ್ರಿ ಮೂರು ಗಂಟೆ ಖಾಲಿ ಬ್ಯಾಂಡ್ ಹೊಸಬರಿಗೆ ಕೊಡೋ ಪದ್ಧತಿ ಕೆಲವು ಕಡೆ ಇದೆ, ದಯವಿಟ್ಟು ಅದನ್ನ ನಿಲ್ಸಿ. ಹೊಸಬರಿಗೆ ಸಂಜೆ 6ರಿಂದ 8 ಕೊಡಿ. ಮೊದಲ ಸಲ ನಾಲಿಗೆ ತೊಡರತ್ತೆ, ಕಾಲ್‌ಸೈನ್ ಅರ್ಧ ಕೇಳಿಸತ್ತೆ, ಮಧ್ಯ ಬಾಯಿ ಹಾಕ್ಬೇಡಿ, ಅವರೇ ಮತ್ತೆ ಕೇಳಲಿ. ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ: ಫ್ರೀಕ್ವೆನ್ಸಿ ಖಾಲಿ ಇದ್ಯಾ ಅಂತ ಎರಡು ಸಲ ಕೇಳು, ಸಿಕ್ಯೂ ಕರೆ, ಕಾಲ್‌ಸೈನ್ ಫೊನೆಟಿಕ್‌ನಲ್ಲಿ (ಒಂದೊಂದು ಅಕ್ಷರಕ್ಕೂ ಆಲ್ಫಾ, ಬ್ರಾವೋ ಅನ್ನೋ ತರ ಒಂದು ಪದ) ಹೇಳು, ರಿಪೋರ್ಟ್ ಕೊಡು, ಹೆಸರು ಊರು ಹೇಳು, 73 (ಶುಭಾಶಯ) ಹೇಳಿ ಮುಗಿಸು. ಕನ್ನಡ ಬರೋ ಹ್ಯಾಮ್ ಸಿಕ್ಕಿದ್ರೆ ಕನ್ನಡದಲ್ಲೇ ಮಾತಾಡಿ, ಕಾಲ್‌ಸೈನ್ ಮಾತ್ರ ಸ್ಪಷ್ಟವಾಗಿ ಹೇಳಿ.

ನೋಡೋಕೆ ಬಂದ ಊರಿನೋರು, ಮಕ್ಕಳು ಕೇಳಲಿ, ಹೆಡ್‌ಫೋನ್ ಕೊಡಿ, ಮೋರ್ಸ್ ಕೀನ ಬಜರ್‌ಗೆ ಹಾಕಿ ಅವರ ಹೆಸರು ಹೊಡೆಸಿ. ಲೈಸೆನ್ಸ್ ಇಲ್ಲದೋರ ಕೈಗೆ ಟ್ರಾನ್ಸ್‌ಮಿಟ್ ಬಟನ್ ಮಾತ್ರ ಕೊಡಬೇಡಿ, ಎಷ್ಟೇ ಹತ್ತಿರದೋರಾದ್ರೂ.

ಲಾಗ್ ಯುಟಿಸಿಯಲ್ಲಿ (ಪ್ರಪಂಚಕ್ಕೆಲ್ಲ ಒಂದೇ ಆದ ಟೈಮ್) ಬರೀಬೇಕು, ನಮ್ಮ ಟೈಮ್‌ನಿಂದ ಐದೂವರೆ ಗಂಟೆ ಕಳೀಬೇಕು. ತಾರೀಕು ಬದಲಾಗೋದು ನಮ್ಮ ಬೆಳಗ್ಗೆ 5.30ಕ್ಕೆ, ರಾತ್ರಿ 12ಕ್ಕಲ್ಲ, ಇಲ್ಲಿ ತಪ್ಪಾದ್ರೆ ಆಮೇಲೆ ಮಾತಾಡಿದ್ದಕ್ಕೆ ಸಾಕ್ಷಿಯಾಗಿ ಕಾರ್ಡು ಕಳಿಸೋವಾಗ ಯಾವುದೂ ಹೊಂದಲ್ಲ. ಒಂದು ಹಳೇ ಗೋಡೆ ಗಡಿಯಾರನ ಯುಟಿಸಿಗೆ ಸೆಟ್ ಮಾಡಿ ಟೇಬಲ್ ಮೇಲಿಟ್ರೆ ಯಾರೂ ಮನಸ್ಸಲ್ಲಿ ಲೆಕ್ಕ ಹಾಕೋದು ಬೇಡ. ಲ್ಯಾಪ್‌ಟಾಪ್ ಇದ್ರೂ ಪಕ್ಕದಲ್ಲಿ ನೋಟ್‌ಬುಕ್ ಇರಲಿ: ಟೈಮ್, ಫ್ರೀಕ್ವೆನ್ಸಿ, ಮೋಡ್, ಕಾಲ್‌ಸೈನ್, ಕೊಟ್ಟ ರಿಪೋರ್ಟ್, ಬಂದ ರಿಪೋರ್ಟ್, ಹೆಸರು.

ಎಫ್‌ಟಿ8 (ಕಂಪ್ಯೂಟರೇ ಚಿಕ್ಕ ಸಂದೇಶ ಕಳಿಸೋ ಮೋಡ್) ಬಗ್ಗೆ ಜಗಳ ಯಾವಾಗ್ಲೂ ಇದ್ದಿದ್ದೇ. 14.074ರಲ್ಲಿ ಬಿಟ್ರೆ ಲಾಗ್ ತುಂಬತ್ತೆ, ನಿಜ. ಆದ್ರೆ ಪ್ರತಿ ಸಲ ಸುಮಾರು 13 ಸೆಕೆಂಡ್ ಸತತ ಟ್ರಾನ್ಸ್‌ಮಿಟ್ ಆಗೋದ್ರಿಂದ ಬ್ಯಾಟರಿ ಬೇಗ ಇಳಿಯತ್ತೆ, ಪವರ್ 20 ವ್ಯಾಟ್‌ಗೆ ಇಳಿಸಿ. ನನ್ನ ಪ್ರಕಾರ ಅದಕ್ಕೆ ರಾತ್ರಿ 11ರಿಂದ ಬೆಳಗ್ಗೆ 5ರ ತನಕ ಸಾಕು, ಉಳಿದ ಟೈಮ್ ಬಾಯಲ್ಲಿ ಮಾತಾಡೋಕೆ, ಕೀ ಹೊಡೆಯೋಕೆ ಇರಲಿ.

ಸ್ಯಾಟಲೈಟ್ ಮೂಲಕ ಒಂದು ಕಾಂಟ್ಯಾಕ್ಟ್ ಆದ್ರೂ ಮಾಡಿಸಿ. ಬೆಂಗಳೂರಿನ ಇಸ್ರೋದೋರು ಹ್ಯಾಮ್‌ಗಳಿಗೆ ಅಂತಲೇ ಮಾಡಿದ್ದ ಹ್ಯಾಮ್‌ಸ್ಯಾಟ್ 2005ರ ಮೇ 5ಕ್ಕೆ ಪಿಎಸ್‌ಎಲ್‌ವಿ-ಸಿ6ರಲ್ಲಿ ಹೋಗಿ 2014ರ ತನಕ ಕೆಲಸ ಮಾಡ್ತು, ಅದರ ಮೂಲಕ ಮಾತಾಡಿದೋರು ಇವತ್ತಿಗೂ ಅದನ್ನ ನೆನೆಸ್ಕೋತಾರೆ. ಈಗ ಸುಲಭಕ್ಕೆ ಸಿಗೋದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರ್, ಆನ್ ಇದ್ದಾಗ 437.800 ಮೆಗಾಹರ್ಟ್ಸ್‌ನಲ್ಲಿ ಕೇಳಿಸತ್ತೆ, ನಾವು ಮಾತು ಕಳಿಸೋದು 145.990ರಲ್ಲಿ 67 ಹರ್ಟ್ಸ್ ಟೋನ್ ಜೊತೆ. ಮೊಬೈಲ್ ಆಪ್‌ನಲ್ಲಿ ಪಾಸ್ ಟೈಮ್ (ನಿಲ್ದಾಣ ನಮ್ಮ ಮೇಲೆ ಹಾದುಹೋಗೋ ಟೈಮ್) ನೋಡ್ಕೊಂಡು ಕೈಯಲ್ಲಿ ಸಣ್ಣ ಯಾಗಿ (ಒಂದೇ ದಿಕ್ಕಿಗೆ ಗುರಿ ಇಡೋ ಆಂಟೆನಾ) ಹಿಡಿದು ಸುಮ್ನೆ ಕೇಳಿದ್ರೂ ಮಕ್ಕಳು ಕುಣಿದಾಡ್ತಾರೆ. ತಮ್ಮ ಚೈನಾ ಹ್ಯಾಂಡಿ ಇದಕ್ಕೂ ಆಗತ್ತೆ ಅಂತ ಗೊತ್ತಾಗಿ ಎಷ್ಟೋ ಜನ ಮತ್ತೆ ಹುರುಪಾಗಿದ್ದಾರೆ.

ಊಟ, ರಾತ್ರಿ, ಸಿಡಿಲು

ಊಟಕ್ಕೆ ಒಬ್ಬರನ್ನ ಪೂರ್ತಿ ಜವಾಬ್ದಾರಿ ಮಾಡಿ, ಅವರಿಗೆ ಬೇರೆ ಕೆಲಸ ಹಚ್ಚಬೇಡಿ. ಚಿತ್ರಾನ್ನ, ಬಿಸಿಬೇಳೆಬಾತ್, ಮೊಸರನ್ನ ಇವು ಹಿಡಿಯೋಕೆ ತಿನ್ನೋಕೆ ಸುಲಭ, ರಾತ್ರಿ ಶಿಫ್ಟ್‌ನೋರಿಗೆ ಫ್ಲಾಸ್ಕ್‌ನಲ್ಲಿ ಟೀ, ಒಗ್ಗರಣೆ ಮಂಡಕ್ಕಿ. ರೇಡಿಯೋ ಟೇಬಲ್ ಮೇಲೆ ತಿಂಡಿ ಬೇಡ, ಇರುವೆ ಬರತ್ತೆ. ರಾತ್ರಿ ಓಡಾಡೋರೆಲ್ಲ ಶೂ ಹಾಕಿ ಟಾರ್ಚ್ ಹಿಡಿದೇ ಓಡಾಡ್ಬೇಕು, ಹಾವಿನ ಭಯ ಇದ್ದೇ ಇರತ್ತೆ, ಹತ್ತಿರದ ಆಸ್ಪತ್ರೆ ಯಾವುದು, 108ಕ್ಕೆ ದಾರಿ ಹೇಗೆ ಹೇಳ್ಬೇಕು ಅನ್ನೋದು ರಟ್ಟಿನ ಮೇಲೆ ಬರೆದಿರಲಿ. ಟೆಂಟ್ ಒಳಗೆ ಇದ್ದಿಲು ಒಲೆ ಯಾವ ಕಾರಣಕ್ಕೂ ಬೇಡ.

ಗುಡುಗು ಕೇಳಿಸಿದ್ರೆ, ಎಷ್ಟೇ ದೂರದಲ್ಲಿ ಕೇಳಿಸಲಿ, ಎಂಥ ಅಪರೂಪದ ಸ್ಟೇಷನ್ ಲೈನ್‌ನಲ್ಲಿರಲಿ, ಮೈಕ್ ಇಟ್ಟು ಎಲ್ಲರೂ ಕಟ್ಟಡದೊಳಗೋ ಕಾರೊಳಗೋ ಹೋಗ್ಬೇಕು. ಕೋಆಕ್ಸ್ ಕಿತ್ತಿಟ್ಟು ಅಲ್ಲೇ ಕೂರೋದು ಸುರಕ್ಷಿತ ಅಲ್ಲ. ಇದನ್ನ ನಿರ್ಧಾರ ಮಾಡೋಕೆ ಒಬ್ಬರಿಗೆ ಅಧಿಕಾರ ಕೊಟ್ಟಿರಿ, ಅವರು ನಿಲ್ಸಿ ಅಂದ್ರೆ ನಿಲ್ಸಬೇಕು, ಅವರಿಗಿಂತ ಸೀನಿಯರ್ ಯಾರೇ ಇದ್ರೂ.

ಬಿಚ್ಚೋದು

ಭಾನುವಾರ ಮಧ್ಯಾಹ್ನ 1ಕ್ಕೆ ಆಫ್ ಮಾಡಿ, ಬೆಳಕಿರೋವಾಗಲೇ ಬಿಚ್ಚಿ. ಕಟ್ಟೋವಾಗ ಇದ್ದ ಜನ ಬಿಚ್ಚೋವಾಗ ಇರಲ್ಲ, ಮನೆ ದೂರ, ನಾಳೆ ಆಫೀಸು ಅಂತ ಒಬ್ಬೊಬ್ಬರೇ ಹೊರಡ್ತಾರೆ, ಹಾಗಾಗಿ ಬಿಚ್ಚೋಕೆ ಯಾರು ಇರ್ತೀರಿ ಅಂತ ಹೆಸರು ಶುಕ್ರವಾರವೇ ಬರ್ಕೊಳ್ಳಿ. ತಂತಿಗಳನ್ನ ಎಂಟರ ಆಕಾರದಲ್ಲಿ ಸುತ್ತಿ, ಪ್ರತಿಯೊಂದಕ್ಕೂ ಚೀಟಿ ಕಟ್ಟಿ: 40 ಮೀಟರ್, 7.100ಕ್ಕೆ ಟ್ಯೂನ್ ಆಗಿದೆ, ಯಾರು ಟ್ಯೂನ್ ಮಾಡಿದ್ದು, ಯಾವ ತಾರೀಕು. ಕೆಟ್ಟ ಕನೆಕ್ಟರ್‌ಗೆ ಕೆಂಪು ಟೇಪ್ ಸುತ್ತಿ, ಅದನ್ನ ಬೇರೆ ಚೀಲಕ್ಕೆ ಹಾಕಿ. ಮರದಲ್ಲಿ ದಾರದ ತುಂಡು, ನೆಲದಲ್ಲಿ ಕೇಬಲ್ ಟೈ ಒಂದೂ ಉಳೀಬಾರದು, ದನ ತಿಂದುಬಿಡ್ತವೆ.

ಬ್ಯಾಟರಿ ವೋಲ್ಟೇಜ್ ಅಳೆದು ಬರ್ಕೊಳ್ಳಿ, 24 ಗಂಟೇಲಿ ನಿಜವಾಗಿ ಎಷ್ಟು ಖರ್ಚಾಯ್ತು ಅನ್ನೋದು ಮುಂದಿನ ಸಲದ ಲೆಕ್ಕಕ್ಕೆ ಬೇಕು. ಮಾರನೇ ವಾರದ ಮೀಟಿಂಗ್‌ನಲ್ಲಿ ಲಾಗ್ ಓದೋದಕ್ಕಿಂತ ಮೊದಲು ಹೊಸಬರನ್ನ ಮಾತಾಡ್ಸಿ, ಏನು ಅರ್ಥ ಆಗ್ಲಿಲ್ಲ, ಯಾವ ಕೆಲಸ ಕೈಗೆ ಸಿಗಲಿಲ್ಲ ಅಂತ ಕೇಳಿ ಬರ್ಕೊಳ್ಳಿ. ಆಮೇಲೆ ಕ್ಲಬ್‌ನ ಡೈಪೋಲ್ ಒಂದನ್ನ, ಜೊತೆಗೆ ಯಾರದ್ದಾದ್ರೂ ಎಕ್ಸ್‌ಟ್ರಾ ಇರೋ ರೇಡಿಯೋನ, ಒಂದು ತಿಂಗಳ ಮಟ್ಟಿಗೆ ಅವರಲ್ಲೊಬ್ಬರ ಮನೆಗೆ ಕಳಿಸ್ಕೊಡಿ, ಟೆರೇಸ್ ಮೇಲೆ ಕಟ್ಟೋಕೆ ಸಹಾಯ ಬೇಕಾದ್ರೆ ಯಾರಿಗೆ ಫೋನ್ ಮಾಡ್ಬೇಕು ಅನ್ನೋದನ್ನೂ ಅವತ್ತೇ ತೀರ್ಮಾನ ಮಾಡಿ.